ಕಡಲ ದಂಡಿಯ ನಾಯಿಶಾಲೆ

ಖಿರಾನ್, ಕುವೈತ್
೨೪ ಜನವರಿ ೨೦೨೫

ನೀಲಾ,

ಮದುವಿ ಆದಾಗಿಂದ ನಿನಗ ಒಂದು ಪತ್ರ ಬರದವ ಅಲ್ಲ ನಾ. ಬರಿಯೂ ಪ್ರಸಂಗ ಬಂದಿದ್ದಿಲ್ಲ. ಬಸ್ಸಿನ ಡ್ಯೂಟಿ ಮುಗಿಸಿ ದಿನಾ ಮನಿಗೇ ಬರತಿದ್ದೆ. ನಿನ್ನೆ ವಿಡಿಯೋದಾಗ ನೀ ಮಾತಾಡಿದಿ, ನಾ ಗೋಣು ಹಾಕಿದೆ. "ಊಟ ಆತೇನ್ರಿ" ಅಂದಿ, ಗೋಣು ಹಾಕಿದೆ. "ಥಂಡಿ ಐತೇನ್ರಿ" ಅಂದಿ, ಮತ್ತ ಗೋಣು ಹಾಕಿದೆ. ಆಮ್ಯಾಲ ನೀ ಸೆರಗಿನಿಂದ ಕಣ್ಣು ಒರಸಿಕೊಂಡು ಫೋನ್ ಇಟ್ಟಿ. ಅದಕ್ಕ ಈ ಹಾಳಿ ಹಿಡದೀನಿ. ಬರದು, ಫೋಟೋ ತಗದು ನಿನ್ನ ಫೋನಿಗೆ ಕಳಸ್ತೀನಿ. ಡಾಕ್ಟರು ನನ್ನ ಗಂಟಲಿನೊಳಗಿಂದ ದನಿ ತಗದಾರ, ಕೈ ತಗದಿಲ್ಲ.

ಈಗ ನಾ ಇರೋದು ಶ್ರುತಿ ಮನಿಯೊಳಗ ಅಲ್ಲ. ಜಾಬ್ರಿಯಾದ ದವಾಖಾನಿಯೊಳಗ ನಮ್ಮ ಶ್ರುತಿ ಲ್ಯಾಬ್ ನೋಡಕೋತಾಳಲ್ಲ, ಅಲ್ಲಿ ಹನಾನ್ ಅಂತ ಈ ದೇಶದಾಕಿನ ಒಬ್ಬ ಡಾಕ್ಟರ್ ಬಾಯಿ ಅದಾಳ. ಆಕಿದು ಸಮುದ್ರದ ದಂಡಿಗೆ ಒಂದು ಶಾಲೆ ಐತಿ. "ನಿಮ್ಮಪ್ಪ ಫ್ಲ್ಯಾಟಿನ್ಯಾಗ ಗ್ವಾಡಿ ನೋಡಕೋತ ಯಾಕ ಕೂಡಬೇಕು, ನಮ್ಮ ಶಾಲೆಗೆ ಕರಕೊಂಡ ಹೋಗು, ಅವರು ನಾಯಿ ಸಾಕಿದವರು ಅಂತೀ, ಅಲ್ಲಿ ನಾಯಿಗಳಿಗೂ ಜಾಗ ಐತಿ" ಅಂದಳಂತ.

ಇವತ್ತ ಶುಕ್ರವಾರ, ಇಲ್ಲಿ ರಜಾ. ಅಳಿಯ ಬಸವಂತ ಗಾಡಿ ಹೊಡದ. ಅಂವ ಕೆಲಸ ಮಾಡೋ ಶುಐಬಾದ ಕಾರಖಾನಿಗಳನ್ನ ದಾಟಿದ್ವಿ. ಚಿಮಣಿ ತುದಿಯೊಳಗ ಹಗಲಿನ್ಯಾಗೂ ಬೆಂಕಿ ಉರೀತಿರತೈತಿ. ಅದನ್ನ ಹಿಂದ ಹಾಕಿದ ಮ್ಯಾಲ ಏನೂ ಇಲ್ಲ ನೋಡು. ಸುಗ್ಗಿ ಮುಗದ ಮ್ಯಾಲ ನಮ್ಮ ಎರಿ ಹೊಲ ಬೋಳಾಗಿ ಕಾಣತೈತಲ್ಲ, ಹಂಗ. ಆದ್ರ ಬದು ಇಲ್ಲ, ಕಲ್ಲು ನೆಟ್ಟಿಲ್ಲ, ಯಾರ ಹೊಲ ಎಲ್ಲಿಗೆ ಮುಗೀತು ಅನ್ನೂ ಗುರತಿಲ್ಲ. ಮೊಣಕಾಲಷ್ಟ ಎತ್ತರದ ಬೂದಿ ಬಣ್ಣದ ಕಂಟಿ, ಅದರಾಚಿಗೆ ಮತ್ತ ಕಂಟಿ. ಆಮ್ಯಾಲ ಒಂದು ಸಣ್ಣ ಬಿಳಿ ಮನಿ. ಮುಂದಿನ ಬಾಗಿಲದಿಂದ ಒಳಗ ಹೋಗಿ ಹಿಂದಿನ ಬಾಗಿಲಾ ತಗದೆ.

ಸಮುದ್ರ ನೀಲಾ.

ನಾ ಮುಧೋಳ–ಜಮಖಂಡಿ ಬಸ್ಸಿನ್ಯಾಗ ಜೀವಮಾನ ಪೂರ್ತಿ ಊರ ಹೆಸರು ಕೂಗಿದವ. ಎಲ್ಲಾ ರಸ್ತಾಕ್ಕೂ ಒಂದು ಕಡೇ ಸ್ಟಾಪ್ ಇರತೈತಿ. ಭೂಮಿದು ಕಡೇ ಸ್ಟಾಪ್ ಇದು ಅಂತ ಅನಸ್ತು. ಅದರ ಮುಂದ ಬರೇ ಬೆಳಕು, ಅದೂ ಅಳ್ಳಾಡತಿತ್ತು. ಮೊಮ್ಮಗಳು ಸನ್ನಿಧಿ "ಅಜ್ಜಾ, ಯು ಆರ್ ಕ್ರೈಯಿಂಗ್" ಅಂತು. ಗಾಳಿ ಕಣ್ಣಿಗೆ ಬಡೀತು ಅಂತ ಕೈ ಮಾಡಿ ತೋರಿಸಿದೆ.

ಇನ್ನೊಂದು ಹೇಳಬೇಕು. ಈ ಮನಿಯೊಳಗ ಒಂದು ಹೆಣ್ಣುನಾಯಿ ಐತಿ. ಹೆಸರು ರೀಮ್. ಅದು ಎದ್ದು ನಿಂತಾಗ ನಾ ಹತ್ತಿರ ಹೋಗಿ ಬಗ್ಗಿ ನೋಡಿದೆ. ಉದ್ದನ ಮಾರಿ, ಒಳಗ ಎಳಕೊಂಡ ಹೊಟ್ಟಿ, ಕೋಲಿನಂಥಾ ಕಾಲು. ನಮ್ಮ ಮುಧೋಳ ನಾಯೀನೇ! ಕಿವಿಗೆ ಮಾತ್ರ ರೇಷ್ಮಿ ಕೂದಲ. ರಾಜರ ಕಾಲದಾಗ ನಮ್ಮ ನಾಯಿಗಳ ಹಿರೀಕರು ಅರಬರ ಕಡಿಂದ ಬಂದಿದ್ರಂತ ಊರಾಗ ಅನ್ನೂದು ಕೇಳಿದ್ದೆ. ಯಾರೋ ಹೇಳೋ ಕತಿ ಅನಕೊಂಡಿದ್ದೆ. ಸಮುದ್ರದ ಆಚಿ ದಂಡಿಯೊಳಗ ನಮ್ಮ ಊರಿನ ಬಳಗ ಕಂಡಂಗಾತು.

ಉಳದದ್ದೆಲ್ಲ ಆರಾಮ.

ಭರಮಣ್ಣ

•

ಮುಧೋಳ
೨ ಫೆಬ್ರುವರಿ ೨೦೨೫

ಶ್ರುತಿ ಅಪ್ಪಾರಿಗೆ,

ಪತ್ರ ಮುಟ್ಟಿತು. ನಮ್ಮ ಖಾನಾವಳಿಯೊಳಗ ಮಧ್ಯಾಹ್ನದ ಗದ್ದಲ, ಓದಾಕ ಪುರಸೊತ್ತಿಲ್ಲ, ಫೋನ್ ಹಿಟ್ಟಿನ ಡಬ್ಬಿ ಮ್ಯಾಲ ಇಟಗೊಂಡು ರೊಟ್ಟಿ ಬಡಕೋತ ಓದಿದೆ. ಅಕ್ಷರ ಚಂದ ಬರೀತೀರಿ. ಟಿಕೆಟಿನ ಹಿಂದ ಚಿಲ್ಲರ ಬರಕೊಡೂವಾಗ ಕಾಗಿ ಕಾಲ ಮಾಡತಿದ್ರಿ.

ಒಂದ ಮಾತು ಕೇಳತೀನಿ. ನಿಮ್ಮನ್ನ ಯಾವ ಶಾಲೆಗೆ ಹಾಕ್ಯಾರ? ನಾಯಿಗಳಿಗೆ ಜಾಗ ಇರೋ ಶಾಲೆ ಅಂದ್ರ ಏನು? ಈ ವಯಸ್ಸಿನ್ಯಾಗ ನಿಮ್ಮನ್ನ ಆ ನಾಯಿಶಾಲೆಯೊಳಗ ಕಾವಲಿಗೆ ಇಟ್ಟಾರೇನು? ಶ್ರುತಿ ಕೆಲಸಕ್ಕ ಹೋಗತಾಳ, ಬಸವಂತಗ ಪಾಳಿ ಡ್ಯೂಟಿ, ಮುದುಕನ್ನ ಎಲ್ಲೆರೆ ಬಿಟ್ರ ಆತು ಅಂತ ಮಾಡ್ಯಾರೇನು? ಖರೇ ಹೇಳ್ರಿ. ನಾ ಆಕಿಗೆ ಫೋನ್ ಹಚ್ಚಿ ಕೇಳಿದ್ರ ಜಗಳ ಆಗತೈತಿ, ಅದಕ್ಕ ನಿಮಗ ಕೇಳಾಕತ್ತೀನಿ.

ಸಮುದ್ರ ನೋಡಿ ಅಷ್ಟ ಯಾಕ ಬೆರಗಾಗೀರಿ? ನೀರು ತಾನ? ಆಲಮಟ್ಟಿ ಹಿನ್ನೀರು ನಾನೂ ನೋಡೇನಿ, ಅದಕ್ಕೂ ಆಚಿ ದಂಡಿ ಕಾಣೂದಿಲ್ಲ. ನೀರಿಗೆ ಮಾತ್ರ ಇಳಿಬ್ಯಾಡ್ರಿ. ಕುತ್ತಿಗಿ ತೂತಿನ್ಯಾಗ ನೀರ ಹೋದ್ರ ಉಸರು ನಿಂತೀತು ಅಂತ ಡಾಕ್ಟರು ಹತ್ತ ಸಲ ಹೇಳ್ಯಾರ. ಕುತ್ತಿಗಿ ಅರಿವಿ ದಿನಾ ಬದಲ ಮಾಡ್ರಿ.

ನಾಯಿ ಸಿಕ್ಕಿತು ಅಂತ ಬರದೀರಿ. ಛಲೋ ಆತು. ನಮ್ಮ ಚೆನ್ನಿ ಲೋಕಾಪುರದ ಲಕ್ಷ್ಮೀನರಸಿಂಹನ ಮನಿಯೊಳಗ ಆರಾಮ ಐತಿ. ಕರೆಯಾಕ ದನಿ ಇಲ್ಲದಂವ ನಾಯಿ ಯಾಕ ಸಾಕಬೇಕು ಅಂತ ನೀವ ಕೊಟ್ಟ ಬಂದ್ರಿ, ಈಗ ಅದರ ಚಿಂತಿ ಬ್ಯಾಡ.

ಊರಾಗ ಎಲ್ಲ ಸುರಳೀತ.

ನೀಲಕ್ಕ

•

ಖಿರಾನ್
೧೪ ಫೆಬ್ರುವರಿ ೨೦೨೫

ನೀಲಾ,

ನಿನ್ನ ಪತ್ರ ಓದಿ ನಗು ಬಂತು. ನನ್ನ ನಗು ಈಗ ಬರೇ ಗಾಳಿ, ಭುಜ ಅಳ್ಳಾಡತಾವ ಅಷ್ಟ. ಕೂಸು ಹೆದರಿ ಬೆನ್ನು ತಟ್ಟಾಕ ಬಂತು.

ಅದು ಅಕ್ಷರ ಕಲಸೋ ಶಾಲೆ ಅಲ್ಲ ಮಾರಾಯ್ತಿ. ಸಮುದ್ರದ ದಂಡಿಯೊಳಗ ರಜಾಕ್ಕ ಅಂತ ಕಟ್ಟಿಸಿದ ಮನಿಗೆ ಇಲ್ಲಿ ಮಂದಿ "ಶಾಲೇ" ಅಂತಾರ. ಉಳದವರು ತಮ್ಮ ಶಾಲೇದೊಳಗ ನಾಯಿ ಬಿಡೂದಿಲ್ಲ. ಹನಾನ್ ಬಾಯಿ ಬಿಡತಾಳ. ರೀಮ್ ಆಕಿ ಅಪ್ಪ ಸಾಕಿದ ನಾಯಿ. ಹ್ವಾದ ವರ್ಷ ಆತ ತೀರಿಕೊಂಡ. ನಾಯಿ ಈ ಮನಿ ಬಿಟ್ಟು ಪ್ಯಾಟಿಗೆ ಬರಲಿಲ್ಲಂತ. ಅದಕ್ಕ ಜೋಡಿ ಆಗಲಿ ಅಂತ, ನಾಯಿ ಇದ್ದವರು ಬರ್ರಿ ಅಂತ ಬಾಗಿಲಾ ತಗದಾಳ. ಕಾವಲಿಗೆ ಬೀರಾನ್ ಭಾಯಿ ಅದಾನ, ಮಲಪ್ಪುರದಂವ. ನಾ ಬರೇ ಬೀಗರು ಬಂದಂಗ ಬಂದು ಚಾ ಕುಡದು ಕೂಡತೀನಿ. ಬೀರಾನ್ ಒಂದೇ ಸವನ ಹಿಂದಿ ಮಾತಾಡತಾನ. "ನಿಮ್ಮಂಥಾ ಕೇಳೋ ಮನಷ್ಯಾ ಈ ದೇಶದಾಗ ನನಗ ಸಿಕ್ಕಿದ್ದಿಲ್ಲ ಅಣ್ಣಾ" ಅಂತಾನ!

ಸನ್ನಿಧಿಗೆ ನಮ್ಮ ಮಾತು ತಿಳೀತೈತಿ, ಆದ್ರ ಇಂಗ್ಲಿಷಿನ್ಯಾಗ ಉತ್ತರ ಕೊಡತೈತಿ. ನನಗ ಇಂಗ್ಲಿಷ್ ಬರೂದಿಲ್ಲ, ದನಿಯೂ ಇಲ್ಲ. ಹಿಂಗಾಗಿ ಇಬ್ರೂ ಕೈಯಿಂದನ ಮಾತಾಡತೀವಿ. ಅಜ್ಜ ಹುಟ್ಟಿದಾಗಿಂದ ಹಿಂಗ ಅದಾನ ಅಂತ ಕೂಸು ತಿಳದೈತಿ.

ಈಗ ಕೇಳು. ಹ್ವಾದ ವಾರ ಇಲ್ಲಿ ಮಳಿ ಬಂತು. ಒಂದು ಮುಂಜಾನಿ, ಅಷ್ಟ. ಇವತ್ತ ಬಂದು ನೋಡತೀನಿ, ಆ ಬೂದಿ ನೆಲ ಹಸರಾಗೈತಿ! ಯಾರೂ ಬಿತ್ತಿಲ್ಲ, ಹರಗಿಲ್ಲ, ಗೊಬ್ಬರ ಹಾಕಿಲ್ಲ. ಉಸುಕಿನ್ಯಾಗ ಬೀಜ ವರ್ಷಗಟ್ಟಲೆ ಸುಮ್ಮನ ಮಲಗಿರತಾವ ಅಂತ ಬೀರಾನ್ ಹೇಳಿದ. ಸತ್ತಂಗ ಇದ್ದ ಕಂಟಿಯೊಳಗ ಅರಿಷಿಣ ಬಣ್ಣದ ಹೂ ಮೂಡ್ಯಾವ. ನಾ ಕುಂತು ಒಂದೊಂದು ಎಲಿ ಮುಟ್ಟಿ ಮುಟ್ಟಿ ನೋಡಿದೆ. ಜೋಳದ ಹೊಲದಾಗ ಬೆಳದ ನನಗ ಮೊಳಕಿ ಹೊಸಾದಲ್ಲ. ಆದ್ರೂ ಹಿಂಗ ಎಂದೂ ನೋಡಿದ್ದಿಲ್ಲ.

ಅಲ್ಲೇ ಕುಂತಾಗ ರೀಮ್ ಬಂತು. ಈ ನಾಯಿ ಯಾರು ಕರದ್ರೂ ತಿರುಗಿ ನೋಡೂದಿಲ್ಲ. ಹನಾನ್ ಕರದು ಕರದು ಸೋತಾಳ. ನಾ ಕರೀಲಿಲ್ಲ, ಕರಿಯಾಕ ಏನೈತಿ ನನ್ನ ಕಡೆ? ಅದು ತಾನ ಬಂದು ನನ್ನ ಮಗ್ಗಲಕ್ಕ ಕುಂತು, ನಾ ಎಲ್ಲಿ ನೋಡತಿದ್ದೆ ಅಲ್ಲೇ ನೋಡಾಕ ಹತ್ತಿತು. ಹಂಗ ಕುಂತಿದ್ದು ಒಮ್ಮೆಲೆ ಎದ್ದು ಓಡಿತು. ಮುಂದ ಮೊಲ ಇಲ್ಲ, ಏನೂ ಇಲ್ಲ. ಸುಮ್ಮನ ಓಡಿತು. ಹಸರಿನ ಮ್ಯಾಲ ಒಂದು ಗೀಟು ಎಳದಂಗ. ನಾಲ್ಕೂ ಕಾಲು ನೆಲ ಬಿಟ್ಟಿದ್ದನ್ನ ನಾ ನೋಡಿದೆ. ಸಮುದ್ರದ ತನಕ ಹೋಗಿ, ತಿರುಗಿ, ನನ್ನ ಸುತ್ತ ಒಂದು ಸುತ್ತು ಹೊಡದು ಮತ್ತ ಹೋತು. ಕೂಸು ಚಪ್ಪಾಳಿ ಹೊಡೀತಿತ್ತು. ನನ್ನ ಬಾಯಿ ತಾನ ತಗದಿತ್ತು, ನೀಲಾ. ಒಳಗಿಂದ ಏನೋ ಹೊರಗ ಬರಾಕ ಬಡದಾಡತಿತ್ತು.

ಭರಮಣ್ಣ

•

ಮುಧೋಳ
೨೦ ಫೆಬ್ರುವರಿ ೨೦೨೫

ಶ್ರುತಿ ಅಪ್ಪಾರಿಗೆ,

ಶಾಲೇ ಅಂದ್ರ ಏನಂತ ತಿಳೀತು. ನಮ್ಮ ತಂಗಿ ಸೊಸಿ ಬೃಂದಾಗ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕಳು. ಊಟಕ್ಕ ಬಂದ ಬ್ಯಾಂಕಿನವರೂ ನಕ್ರು. ಈಗ ಅವರು ದಿನಾ "ನಾಯಿಶಾಲೆ ಸುದ್ದಿ ಏನ್ರಿ ನೀಲಕ್ಕ" ಅಂತ ಕೇಳಿನ ತಾಟಿನ ಮುಂದ ಕೂಡತಾರ.

ನಿಮ್ಮ ಪತ್ರ ಎರಡ ಸಲ ಓದಿದೆ. ಅದರಾಗ ನಾಯಿ ಓಡತೈತಿ, ಹುಲ್ಲು ಹುಟ್ಟತೈತಿ, ಸಮುದ್ರ ಹೊಳೀತೈತಿ. ನೀವು ಎಲ್ಲಿದ್ದೀರಿ? ನುಂಗೂವಾಗ ನೋವು ಐತೋ ಇಲ್ಲೋ? ಮಜ್ಜಿಗಿ ಇಳೀತೈತೋ ಇಲ್ಲೋ? ಏಪ್ರಿಲ್ ನಡುವ ಹುಬ್ಬಳ್ಳಿಗೆ ತಪಾಸಣಿಗೆ ಹೋಗೂದೈತಿ, ಅದು ನೆಪ್ಪೈತೋ ಇಲ್ಲೋ? ಇದನ್ನ ಬರೀರಿ. ಹೂವಿನ ಬಣ್ಣ ತಗೊಂಡು ನಾ ಏನ ಮಾಡಲಿ.

ಸಿಟ್ಟಿಗೆದ್ದು ಬರಿಯೂದು ಬಿಟ್ಟು ಕೂಡಬ್ಯಾಡ್ರಿ. ಬರೀರಿ, ಹೂವಿನ ಬಣ್ಣಾನೂ ಬರೀರಿ.

ನೀಲಕ್ಕ

•

ಮಂಗಾಫ್
೯ ಮಾರ್ಚ್ ೨೦೨೫

ನೀಲಾ,

ಎಲ್ಲ ಆರಾಮ. ಇಲ್ಲಿ ಗಾಳಿ ಬಂದಿತ್ತು. ನನಗ ಊರ ನೆಪ್ಪಾಗೈತಿ. ಟಿಕೆಟ್ ಮುಂದ ತರಾಕ ಬಸವಂತಗ ಬರದ ತೋರಿಸೀನಿ, ಅಂವ ಏನೂ ಅನ್ನಲಿಲ್ಲ. ಇನ್ನ ಶಾಲೇಕ್ಕ ನಾ ಹೋಗೂದಿಲ್ಲ, ಇಲ್ಲೇ ಶ್ರುತಿ ಫ್ಲ್ಯಾಟಿನ್ಯಾಗ ಇರತೀನಿ. ಕೈಗೆ ಒಂದಿಷ್ಟು ಪೆಟ್ಟಾಗೈತಿ, ಅದಕ್ಕ ಅಕ್ಷರ ಸೊಟ್ಟ ಬಂದಾವ, ಬ್ಯಾರೆ ಏನಿಲ್ಲ.

ಭರಮಣ್ಣ

•

ಮುಧೋಳ
೧೦ ಮಾರ್ಚ್ ೨೦೨೫

ಏನ್ರಿ,

ನಿಮ್ಮ ಪತ್ರ ಬಂದಾಗಿಂದ ಕೈಯಾಗ ಹಿಟ್ಟು ನಿಂತಿಲ್ಲ. ಮುಚ್ಚಿಡಬ್ಯಾಡ್ರಿ. ಗಂಟಲಾಗ ಮತ್ತ ರಕ್ತ ಬಂತೇನು? ಕುತ್ತಿಗಿಯೊಳಗ ಗಡ್ಡಿ ಕೈಗೆ ಹತ್ತಿತೇನು? ಹ್ವಾದ ಸಲಾನೂ ಹಿಂಗ "ಎಲ್ಲ ಆರಾಮ" ಅನಕೋತ ಮೂರ ತಿಂಗಳ ತಳ್ಳಿದ್ರಿ, ದವಾಖಾನಿಗೆ ಹೋಗೂದರಾಗ ದನೀನ ಹೋತು. ಶ್ರುತಿಗೆ ಫೋನ್ ಮಾಡಿದ್ರ "ಅಪ್ಪ ಆರಾಮ ಅದಾನವ್ವಾ" ಅಂತಾಳ, ಆದ್ರ ಆಕಿ ದನಿ ಸರಿ ಇಲ್ಲ. ಇಲ್ಲಾ ಬಸವಂತ ಏನರೆ ಅಂದ್ನೇನು? ಅಳಿಯ ಒಂದ ಮಾತು ಹೆಚ್ಚು ಕಡಿಮಿ ಅಂದಿದ್ರ ನನಗ ಹೇಳ್ರಿ, ಮುಂದಿಂದು ನಾ ನೋಡಕೋತೀನಿ.

ನೀವು ಬಾಯಿ ಬಿಡಲಿ ಅಂತ ನಾ ನನ್ನದು ಹೇಳತೀನಿ. ಚೆನ್ನಿ ಲೋಕಾಪುರದಾಗ ಇಲ್ಲ. ನೀವು ವಿಮಾನ ಹತ್ತಿದ ವಾರದಾಗ ನಾನ ಹೋಗಿ ಕರಕೊಂಡ ಬಂದೆ. ಅದು ಅಲ್ಲಿ ಕೂಳ ಮುಟ್ಟಿದ್ದಿಲ್ಲ. ಖಾನಾವಳಿಯೊಳಗ ನಾಯಿ ಕೂದಲ ಹಾರತಾವ ಅಂತ ನಿಮ್ಮ ಜೋಡಿ ಜೀವಮಾನ ಜಗಳಾಡಿದಾಕಿ, ಈಗ ಹಿತ್ತಲದಾಗ ಅದಕ್ಕ ರೊಟ್ಟಿ ಹಾಲು ಹಾಕತೀನಿ. ನಿಮಗ ಹೇಳಿದ್ರ ಉಬ್ಬತೀರಿ ಅಂತ ಹೇಳಿದ್ದಿಲ್ಲ.

ಇನ್ನೊಂದು ಐತಿ, ಅದು ಬರಿಯಾಕ ಕೈ ಏಳವಲ್ದು. ನಿಮ್ಮನ್ನ ಕುವೈತಿಗೆ ಹೋಗ್ರಿ ಹೋಗ್ರಿ ಅಂತ ದೂಡಿದಾಕಿ ನಾನ. ಮಗಳ ಮನಿಯೊಳಗ ಆರಾಮ ಆಗತೈತಿ ಅಂದೆ. ಅದು ಪೂರ್ತಿ ಖರೇ ಅಲ್ಲ. ನಿಮ್ಮ ದನಿ ಹ್ವಾದ ಮ್ಯಾಲ ಮನಿಯೊಳಗ ನಾ ಒಬ್ಬಾಕಿನ ಮಾತಾಡತಿದ್ದೆ. ನಾ ಕೇಳಿದ್ದು, ನಾನ ಉತ್ತರ ಕೊಟ್ಟಿದ್ದು. ಆ ಸುಮ್ಮನಿರೂದು ನನಗ ತಡಕೊಳ್ಳಾಕ ಆಗಲಿಲ್ಲ. ನೀವಿಲ್ಲದ ಮನಿ ಸುಮ್ಮನ ಇದ್ರ ಅದಕ್ಕೊಂದು ಕಾರಣ ಇರತೈತಿ, ನೀವು ಎದುರಿಗೆ ಕುಂತಾಗಿನ ಸುಮ್ಮನ ಅದಕ್ಕಿಂತ ಕೆಟ್ಟ ಅನಸ್ತಿತ್ತು. ಈಗ ಬೈರಿ ಬೇಕಾದ್ರ. ಆದ್ರ ಏನಾತು ಹೇಳ್ರಿ.

ನೀಲಕ್ಕ

•

ಮಂಗಾಫ್
೧೨ ಮಾರ್ಚ್ ೨೦೨೫

ನೀಲಾ,

ಗಂಟಲು ನೆಟ್ಟಗೈತಿ. ಬಸವಂತ ಏನೂ ಅಂದಿಲ್ಲ. ಸನ್ನಿಧಿ ಕಳದಿತ್ತು. ಸಿಕ್ಕೈತಿ, ಆರಾಮ ಐತಿ. ಅದನ್ನ ಮೊದಲ ಬರದೀನಿ, ಈಗ ಕುಂತು ಓದು.

ಶುಕ್ರವಾರ ಶಾಲೇಕ್ಕ ಹೋಗಿದ್ವಿ. ರಮಜಾನದ ಉಪವಾಸ, ಮಧ್ಯಾಹ್ನ ಬೀರಾನ್ ಭಾಯಿ ತನ್ನ ಖೋಲಿಯೊಳಗ ಅಡ್ಡಾಗಿದ್ದ. ಶ್ರುತಿ, ಬಸವಂತ ಹಾಲು ತರಾಕ ಅಂಗಡಿಗೆ ಹೋಗಿದ್ರು. ಕೂಸು "ಫ್ಲವರ್ಸ್, ಅಜ್ಜಾ" ಅಂತ ಕೈ ಜಗ್ಗಿತು. ಇಬ್ರೂ ಕಂಟಿಯೊಳಗ ಹ್ವಾದ್ವಿ. ರೀಮ್ ಹಿಂದ ಬಂತು. ಹೂ ಹರಕೋತ ಹರಕೋತ ಮನಿಯಿಂದ ಬಾಳ ದೂರ ಹೋಗಿದ್ವಿ.

ತಲಿ ಎತ್ತಿ ನೋಡಿದ್ರ ಪಡವಣ ದಿಕ್ಕಿನ್ಯಾಗ ಒಂದು ಗ್ವಾಡಿ ಎದ್ದ ಬರತಿತ್ತು. ಮೋಡ ಅನಕೊಂಡೆ. ಮೋಡ ಮ್ಯಾಲಿಂದ ಇಳೀತೈತಿ, ಇದು ನೆಲದಿಂದ ಎದ್ದಿತ್ತು. ಕೆಂಪು ಅಂದ್ರ ಕೆಂಪಲ್ಲ, ಹೊಸಾ ಗಡಿಗಿ ಬಣ್ಣ. ಈ ತುದಿಯಿಂದ ಆ ತುದಿ ತನಕ ಒಂದ ಸಮ. ಸಪ್ಪಳ ಇಲ್ಲ. ಅದರ ತುದಿ ಸುರಳಿ ಸುರಳಿ ಒಳಗ ತಿರಗತಿತ್ತು, ಸೂರ್ಯ ಅದರ ಹಿಂದ ಬೆಳ್ಳಿ ರೂಪಾಯಿ ಆಗಿದ್ದ. ನಾ ಓಡಬೇಕಾಗಿತ್ತು ನೀಲಾ. ಓಡಲಿಲ್ಲ. ಹಂಗ ನೋಡಕೋತ ನಿಂತೆ. ಅಷ್ಟು ದೊಡ್ಡದು, ಅಷ್ಟು ಚಂದ ಇತ್ತು ಅದು. ದೇವರು ತಾನ ಎದ್ದು ನಡಕೋತ ಬರಾಕತ್ತಾನ ಅನಸ್ತು. ಅದು ಧೂಳು, ಅದು ನಮ್ಮ ಮ್ಯಾಲ ಬರಾಕತ್ತೈತಿ ಅಂತ ತಿಳಿಯೂದರಾಗ ಬಂದಬಿಟ್ಟಿತ್ತು.

ಹಗಲು ಆರಿ ಹೋತು. ನಾ ಉಸರು ತಗೊಳ್ಳೂದು ಕುತ್ತಿಗಿ ತೂತಿನಿಂದ, ಅದರಾಗ ಮಣ್ಣು ಹೊಕ್ಕಿತು. ಕೆಮ್ಮು. ಟಾವೆಲ್ ಕುತ್ತಿಗಿಗೆ ಸುತ್ತಿಕೊಳ್ಳಾಕ ಎರಡೂ ಕೈ ಬೇಕಾದ್ವು. ಕೂಸಿನ ಕೈ ಬಿಟ್ಟೆ. ಸುತ್ತಿಕೊಂಡು ಕೈ ಚಾಚಿದ್ರ ಅಲ್ಲಿ ಕೂಸಿಲ್ಲ.

"ಅಜ್ಜಾ!" ಅಂತ ಕೂಗಿದ್ದು ಕೇಳಿತು. ಹತ್ತಿರಾನ ಇತ್ತು. ನಾ ಉತ್ತರ ಕೊಡಬೇಕಾಗಿತ್ತು. ಬಾಯಿ ತಗದೆ. ಬಸ್ ತುಂಬಾ ಮಂದಿಗೆ ಕೇಳೂ ಹಂಗ ಊರೂರ ಹೆಸರು ಕೂಗಿದ ಬಾಯಿ ಇದು. ಒಂದು ಹೆಸರು ಹೊರಗ ಬರಲಿಲ್ಲ. "ಅಜ್ಜಾ, ವೇರ್ ಆರ್ ಯೂ" ಅಂತು ಕೂಸು. ಅಜ್ಜ ಉತ್ತರ ಕೊಡಲಿಲ್ಲಂದ್ರ ಅಜ್ಜ ಅಲ್ಲಿಲ್ಲ ಅಂತನ ತಿಳೀತೈತಲ್ಲ ಅದಕ್ಕ? ಬ್ಯಾರೆ ಕಡೆ ಹುಡಕಾಕ ಹೋತು. ದನಿ ದೂರ ಆತು. ನಾ ಅತ್ತ ಓಡಿ ಬಿದ್ದೆ. ಎದ್ದೆ. ದನಿ ಇನ್ನೊಂದು ಕಡಿಂದ ಬಂತು. ಚಪ್ಪಾಳಿ ಹೊಡದೆ, ಗಾಳಿ ತಿಂದು ಹಾಕಿತು. ಆಮ್ಯಾಲ ದನಿ ಬರಲಿಲ್ಲ.

ಆಗ ನನ್ನ ತೊಡಿಗೆ ಏನೋ ತಾಕಿತು. ರೀಮ್. ಕಣ್ಣು ಮುಚ್ಚಿಕೊಂಡು, ಕಿವಿ ಹಿಂದಕ್ಕ ಹಾಕಿಕೊಂಡು ನಿಂತಿತ್ತು. ಅದರ ಪಟ್ಟಾ ಹಿಡದೆ. ಹೋಗು ಅಂತ ಹೇಳಾಕೂ ದನಿ ಇಲ್ಲ. ಅದರ ಮಾರಿ ಎರಡೂ ಕೈಯಾಗ ಹಿಡದು ನನ್ನ ಹಣಿ ಅದರ ಹಣಿಗೆ ಹಚ್ಚಿದೆ. ಏನ ತಿಳೀತೋ ಅದಕ್ಕ, ನಾ ಹೇಳಲಾರೆ. ಅದಕ್ಕ ಕೂಸಿನ ದನಿ ಇನ್ನೂ ಕೇಳತಿತ್ತೋ ಏನೋ. ಎಳಕೊಂಡು ಹೊಂಟಿತು. ನಾ ಮೊಣಕಾಲ ಮ್ಯಾಲ, ಕೈ ಮ್ಯಾಲ, ಕಂಟಿ ಮ್ಯಾಲ ಬಿದ್ದಕೋತ ಅದರ ಹಿಂದ. ಒಂದ ಕಡೆ ನಿಂತಿತು. ಕೈ ಚಾಚಿದ್ರ ಸಣ್ಣ ಕಾಲು ಸಿಕ್ಕಿತು. ಒಂದು ದೊಡ್ಡ ಕಂಟಿ ಬುಡಕ್ಕ ಮಾರಿ ಮುಚ್ಚಿಕೊಂಡು ಕುಂತಿತ್ತು. ರೀಮ್ ಅದರ ಮ್ಯಾಲ ಅಡ್ಡ ಮಲಗಿತು, ನಾ ಇಬ್ಬರ ಮ್ಯಾಲ ಮಲಗಿದೆ.

ಎಷ್ಟೊತ್ತು ಅಂತ ಗೊತ್ತಿಲ್ಲ. ಬೀರಾನ್ ಭಾಯಿ ಗಾಡಿ ತಗೊಂಡು ಹಾರನ್ ಹೊಡಕೋತ ಬಂದ. ಗಾಳಿ ಹೋಗಿತ್ತು. ಎದ್ದು ನೋಡಿದ್ರ ಎಲ್ಲಾ ಒಂದ ಬಣ್ಣ ಆಗಿತ್ತು, ಹೂವು, ನಾಯಿ, ಕೂಸು, ನಾನು. ಆ ನೆಲದಿಂದ ಈಗಷ್ಟ ಮಾಡಿ ಇಟ್ಟಂಗ. ಕೂಸು ಕಣ್ಣು ಬಿಟ್ಟಾಗ ಅದರ ಕಣ್ಣು ಎಷ್ಟು ಕರ್ರಗ ಇದ್ವು ಅಂತೀ!

ಶ್ರುತಿ ಬಂದು ಕೂಸಿನ ಎತ್ತಿಕೊಂಡಳು. ನನ್ನ ನೋಡಿದಳು. ಒಂದ ಮಾತು ಆಡಲಿಲ್ಲ. ಬಸವಂತಾನೂ ಆಡಲಿಲ್ಲ. ಇವತ್ತಿನ ತನಕ ಆ ಮಾತು ಯಾರೂ ಎತ್ತಿಲ್ಲ. ಅವರು ಬೈದಿದ್ರ ತಡಕೋತಿದ್ದೆ. ತಾವು ಹಡದ ಕೂಸಿನ ಕೈ ಬಿಟ್ಟ ಮುದುಕನ್ನ ಮನಿಯೊಳಗ ಹೆಂಗ ಇಟಗೋತಾರ? ನಾ ಬರತೀನಿ ನೀಲಾ.

ನೀ ಬರದ ಇನ್ನೊಂದು ಮಾತಿಗೆ ನನಗ ಸಿಟ್ಟಿಲ್ಲ. ಆ ಸುಮ್ಮನಿರೂದರ ಒಳಗ ನಾನೂ ಇದ್ದೆ. ಅದು ನನಗೂ ಗೊತ್ತು.

ಭರಮಣ್ಣ

•

ಮುಧೋಳ
೧೪ ಮಾರ್ಚ್ ೨೦೨೫

ಏನ್ರಿ,

ನಿಮ್ಮ ಪತ್ರ ಓದಿ ಒಲಿ ಆರಿಸಿ ಹಿತ್ತಲಕ್ಕ ಹೋಗಿ ಕುಂತೆ. ಊಟಕ್ಕ ಬಂದವರಿಗೆಲ್ಲ ಇವತ್ತ ಖಾನಾವಳಿ ಇಲ್ಲ ಅಂತ ಬೃಂದಾ ಹೇಳಿ ಕಳಿಸಿದಳು. ಕುಂತು ಕುಂತು ಆಮ್ಯಾಲ ಶ್ರುತಿಗೆ ಫೋನ್ ಹಚ್ಚಿದೆ. "ನಿಮ್ಮಪ್ಪಗ ಯಾಕ ಮಾತು ಬಿಟ್ಟೀದಿ?" ಅಂದೆ. ಅತ್ತಳು ನೋಡ್ರಿ. ಹುಡುಗಿ ಇದ್ದಾಗೂ ಹಂಗ ಅತ್ತಾಕಿ ಅಲ್ಲ.

"ಅವ್ವಾ, ನಾ ಏನ ಮಾತಾಡಲಿ. ಕುತ್ತಿಗಿ ತುಂಬ ಮಣ್ಣು ತುಂಬಿ ಅಪ್ಪನ ತುಟಿ ನೀಲಿ ಆಗಿದ್ವು. ಬೀರಾನ್ ಭಾಯಿ ಬಟ್ಟಿಯಿಂದ ಒರಸಿ ಒರಸಿ ಉಸರು ಬರಂಗ ಮಾಡಿದ. ಅಷ್ಟಾದ್ರೂ ಸನ್ನಿಧಿನ ಬಿಟ್ಟಿದ್ದಿಲ್ಲ, ಬೆರಳ ಒಂದೊಂದ ಬಿಡಿಸಬೇಕಾತು. ಅಂಥಾ ಅಪ್ಪನ್ನ ಒಬ್ಬನ್ನ ಬಿಟ್ಟು ಹಾಲು ತರಾಕ ಹೋಗಿದ್ವಿ ನಾವು. ಯಾವ ಮಾರಿ ಇಟಗೊಂಡು ಮಾತಾಡಲಿ?" ಅಂದಳು.

ಇದನ್ನ ನೀವು ಬರದಿಲ್ಲ. ಹೂ, ನಾಯಿ, ಕೂಸಿನ ಕಣ್ಣು, ಎಲ್ಲಾ ಬರದ್ರಿ. ನಿಮ್ಮ ಉಸರು ಹೋಗತಿತ್ತು ಅನ್ನೂದೊಂದು ಬಿಟ್ರಿ.

ಆಕಿ ನಿಮಗ ಸಿಟ್ಟು ಬಂದೈತಿ ಅಂತ ತಿಳದಾಳ, ನೀವು ಆಕಿಗೆ ಸಿಟ್ಟು ಬಂದೈತಿ ಅಂತ ತಿಳದೀರಿ. ಒಂದ ಮನಿಯೊಳಗ ಕುಂತು ಒಬ್ಬರ ಮಾರಿ ಒಬ್ಬರು ನೋಡದ ಹಿಂಗ ಮಾಡಿದ್ರ ಹೆಂಗ್ರಿ? ಈಗಿಂದೀಗ ಎದ್ದು ಹೋಗಿ ಆಕಿ ತಲಿ ಮ್ಯಾಲ ಕೈ ಇಡ್ರಿ. ಅದಕ್ಕೇನು ದನಿ ಬೇಕಾಗಿಲ್ಲ.

ಟಿಕೆಟ್ ಬದಲ ಮಾಡಬ್ಯಾಡ್ರಿ. ನಾನ ಬರತೀನಿ. ನನಗೂ ವೀಸಾ ತಗಸು ಅಂತ ಶ್ರುತಿಗೆ ಹೇಳೀನಿ, ಈದ್ ಹಬ್ಬ ಮುಗದ ಮ್ಯಾಲ ಸಿಗತೈತಂತ. ಖಾನಾವಳಿ ಬೃಂದಾ ನೋಡತಾಳ, ಚೆನ್ನಿನ್ನೂ ನೋಡತಾಳ. ಆ ನೆಲ, ಆ ನಾಯಿ ನಾ ನೋಡಬೇಕು. ಕೂಸು ಮತ್ತ ಆ ಕಡೆ ಹೋಗಾಕ ಅಂಜಬಾರದು, ನೀವೂ ಅಂಜಬಾರದು.

ನೀಲಕ್ಕ

•

ಖಿರಾನ್, ಕುವೈತ್
೨೨ ಏಪ್ರಿಲ್ ೨೦೨೫

ಶ್ರುತಿ ಅಪ್ಪಾರಿಗೆ,

ತಪಾಸಣಿಗೆ ಅಂತ ನೀವು ಊರಿಗೆ ತಿರುಗಿ ಹ್ವಾದ್ರಿ, ನಾ ಇಲ್ಲೇ ಉಳದೆ. ಹುಬ್ಬಳ್ಳಿ ಡಾಕ್ಟರು ಎಲ್ಲಾ ನೆಟ್ಟಗೈತಿ ಅಂದ್ರಂತ ಬೃಂದಾ ಹೇಳಿದಳು. ರಿಪೋರ್ಟ್ ಹಾಳಿ ಫೋಟೋನೂ ನೋಡಿದೆ. ದೇವರು ದೊಡ್ಡಂವ. ನನ್ನ ಬದಲಿ ಖಾನಾವಳಿ ಗಲ್ಲಾದ ಮುಂದ ಬ್ಯಾರೆ ಯಾರೂ ಕೂಡೂದು ಬ್ಯಾಡ, ನೀವ ಕೂಡ್ರಿ. ಗಿರಾಕಿ ಮಾತಾಡತಾರ, ನೀವು ಗೋಣು ಹಾಕಿದ್ರ ಸಾಕು.

ನೀವಿದ್ದಷ್ಟು ದಿನ ನಾ ಇಲ್ಲಿ ಏನೂ ನೆಟ್ಟಗ ನೋಡಿರಲಿಲ್ಲ ಅಂತ ಈಗ ತಿಳೀತು. ನಿಮ್ಮನ್ನ ನೋಡೂದರಾಗ, ಅಡಗಿ ಮಾಡೂದರಾಗ, ಶ್ರುತಿ ಜೋಡಿ ಹರಟಿಯೊಳಗ ಹೋತು. ನೀವು ವಿಮಾನ ಹತ್ತಿದ ಮ್ಯಾಲ ಹನಾನ್ ಬಾಯಿ "ಅಮ್ಮಾ, ಇನ್ನೊಂದು ವಾರ ಶಾಲೇದೊಳಗ ಇರು" ಅಂದಳು. ಶ್ರುತಿ ರಜಾ ಹಾಕಿ ನನ್ನನ್ನ, ಕೂಸಿನ್ನ ಕರಕೊಂಡ ಬಂದಾಳ. ನೀವು ಬರದ ಹೂವೆಲ್ಲ ಒಣಗಿ ಹೋಗ್ಯಾವ, ನೆಲ ಮತ್ತ ಬೂದಿ ಆಗೈತಿ. ಸನ್ನಿಧಿ ಅಂಜದಂಗ ರೀಮ್ ಜೋಡಿ ಕಂಟಿ ತನಕ ಹೋಗಿ ಬರತೈತಿ. ಈಗ ಕೂಸಿನ ಕೊರಳಾಗ ಒಂದು ಸೀಟಿ ಕಟ್ಟ್ಯಾಳ ಶ್ರುತಿ. ದಿನಾ ಊದಿ ಊದಿ ಕಿವಿ ತೂತು ಮಾಡೈತಿ.

ನಿನ್ನೆ ಮಧ್ಯಾಹ್ನದ ಮಾತು ಹೇಳತೀನಿ. ಊಟ ಮಾಡಿ ಕೈ ತೊಳದು ಹಿಂದಿನ ಬಾಗಿಲಾ ತಗದ್ರ ಸಮುದ್ರ ಇಲ್ಲ! ಖರೇ ಹೇಳತೀನಿ. ಮುಂಜಾನಿ ಮೆಟ್ಟಲ ತನಕ ಇದ್ದದ್ದು ಎದ್ದು ಹೋಗಿತ್ತು. ಅದರ ತಳಾ ಎಲ್ಲಾ ಬಿಚ್ಚಿ ಬಿದ್ದಿತ್ತು. ಹಸಿ ಉಸುಕು, ಪಾಚಿ ಹಿಡದ ಕಲ್ಲು, ಶಂಖ, ಸಣ್ಣ ಸಣ್ಣ ಏಡಿ ಓಡಾಡತಿದ್ವು. ದೂರದಾಗ ಉದ್ದ ಕಾಲಿನ ಎತ್ತರದ ಹಕ್ಕಿ ನಿಂತಿದ್ವು, ಗುಲಾಬಿ ಬಣ್ಣದವು. ನಾ ಗಾಬರಿ ಆಗಿ "ಬೀರಾನ್! ಎಲ್ಲಿ ಹೋತೋ?" ಅಂತ ಒದರಿದೆ. ಅಂವ ನಕ್ಕು "ಅಮ್ಮಾ, ದಿನಾ ಹೋಗತೈತಿ, ದಿನಾ ಬರತೈತಿ, ನಿಮಗ ಪುರಸೊತ್ತ ಇರಲಿಲ್ಲ ನೋಡಾಕ" ಅಂದ.

ನಾ ಮೆಟ್ಟಲ ಇಳದೆ. ಸಮುದ್ರ ಇದ್ದ ಜಾಗದಾಗ ಬರಿಗಾಲಿಲೆ ನಡದೆ. ಯಾರದೋ ದೊಡ್ಡವರ ಮನಿಯೊಳಗ, ಅವರು ಇಲ್ಲದಾಗ ಹ್ವಾದಂಗ ಅನಸ್ತಿತ್ತು. ಕಾಲ ಕೆಳಗ ಉಸುಕಿನ ಮ್ಯಾಲ ನೀರಿನ ಗೆರಿ, ಶಾವಿಗಿ ಎಳದು ಹರಡಿದಂಗ. ಇಷ್ಟು ದಿನ ಯಾರೂ ನೋಡದಿದ್ರೂ ಇಷ್ಟು ಚಂದ ಯಾಕ ಬರದಿಟ್ಟೈತಿ ಅದು? ಕೂಸು ಒಂದು ಶಂಖ ನನ್ನ ಕಿವಿಗೆ ಹಿಡೀತು. ಅಷ್ಟು ದೂರ ನಡದು ಕುರ್ಚಿ ಹಾಕಿಸಿಕೊಂಡು ಕುಂತೆ, ಬರಲಿ, ನೋಡೇ ಬಿಡತೀನಿ ಅಂತ. ಸನ್ನಿಧಿ ನನ್ನ ಮಡಿಲಿಗೆ ಬಂತು, ರೀಮ್ ಕಾಲಿನ ಹತ್ತಿರ ಮಲಗಿತು.

ನನ್ನ ಬಾಯಿ ನಿಮಗ ಗೊತ್ತೈತಿ. ನಿದ್ದಿಯೊಳಗೂ ಮಾತಾಡಾಕಿ ನಾ. ನಿನ್ನೆ ಅಲ್ಲಿ ಕುಂತು ಒಂದು ಮಾತಾಡಲಿಲ್ಲ. ಆಡಬಾರದು ಅಂತಲ್ಲ, ಬೇಕಾಗಲಿಲ್ಲ. ಕೂಸೂ ಆಡಲಿಲ್ಲ. ನೀವು ಊರ ಮನಿಯೊಳಗ ಎದುರಿಗೆ ಸುಮ್ಮನ ಕೂಡತಿದ್ರಲ್ಲ, ನನಗ ಅದು ಖಾಲಿ ಅನಸ್ತಿತ್ತು. ಅದು ಖಾಲಿ ಇದ್ದಿಲ್ಲೇನೋ ಅಂತ ಈಗ ಅನಸಾಕತ್ತೈತಿ. ನೀವು ಬಂದ ಮ್ಯಾಲ ಹೇಳ್ರಿ ಅಂತ ಬರೀಬೇಕಂದೆ, ಆದ್ರ ಬರೋದು ನಾ ಅಲ್ಲೇನು? ನಾ ಬಂದ ಮ್ಯಾಲ ಹೇಳ್ರಿ, ಬರದು ಹೇಳ್ರಿ, ಇಲ್ಲಾ ಸುಮ್ಮನ ಕೂಡ್ರಿ.

ಹೊತ್ತು ಇಳೀತು. ಮೊದಲ ದೂರದ ಹಕ್ಕಿ ಎದ್ದವು. ಆಮ್ಯಾಲ ಉಸುಕು ಹೊಳಿಯಾಕ ಹತ್ತಿತು, ಎಲ್ಲಿಂದ ಬಂತು ಅಂತ ತಿಳೀಲೇ ಇಲ್ಲ. ಸದ್ದಿಲ್ಲದಂಗ ಆ ಗೆರಿಗಳ ಒಳಗ ಒಂದೊಂದಾಗಿ ನೀರು ತುಂಬಕೋತ ಬಂತು. ಕೂಸಿಗೆ ನಿದ್ದಿ ಹತ್ತಿತ್ತು. ರೀಮ್ ಎದ್ದು ನನ್ನ ಮಾರಿ ನೋಡಿತು, ಏಳು ಅಂತ ಇರಬೇಕು. ನೀರು ಬೆರಳಿಗೆ ಬಂತು, ಹಿಮ್ಮಡಕ್ಕ ಬಂತು, ನಿರಿಗಿ ಅಂಚಿಗೆ ಬಂತು. ಬೀರಾನ್ ಮೆಟ್ಟಲ ಮ್ಯಾಲ ನಿಂತು ಕೈ ಬೀಸಿ ಕರೀತಿದ್ದ. ಬೆಚ್ಚಗಿತ್ತು ನೀರು. ಇನ್ನೊಂದಿಷ್ಟು ಬರಲಿ, ಸೀರಿ ತೊಯ್ದ್ರ ತೊಯ್ಲಿ ಅಂತ ಕುಂತೇ ಇದ್ದೆ.

ನೀಲಕ್ಕ